ದೇವರ ಶಿಫ್ಟು

ಅಡುಗೆ ಮಾಡುವಾಗ ರುಚಿ ನೋಡುವ ಅಭ್ಯಾಸ ನನಗಿಲ್ಲ. ಸಾರಿಗೆ ಉಪ್ಪು ಹಾಕಿದ ಮೇಲೆ ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕುವುದು ಎಲ್ಲರೂ ಮಾಡುವ ಕೆಲಸ. ನನ್ನ ಕೈ ಮಾತ್ರ ಬಾಯಿಯವರೆಗೆ ಹೋಗುವುದಿಲ್ಲ. ಇದರ ಫಲ ಉಂಡವರು ನನ್ನ ಸಹೋದ್ಯೋಗಿಗಳು. ಕಳೆದ ತಿಂಗಳು ಊಟಕ್ಕೆ ಬಂದಿದ್ದ ಇಂಗ್ಲಿಷ್ ವಿಭಾಗದ ಗೆಳತಿಯೊಬ್ಬರು ಮೊದಲ ತುತ್ತು ನುಂಗಿ, ನೀರು ಕುಡಿದು, ಬಹಳ ಸಭ್ಯವಾಗಿ, "ಯಾವುದನ್ನೂ ನಾಲಿಗೆಗೆ ತಾಗಿಸಬಾರದು ಅಂತ ನೀವು ಕೆಮಿಸ್ಟ್ರಿಯವರು ಹೇಳ್ತೀರಲ್ಲ, ಅದು ಲ್ಯಾಬಿಗೆ ಮಾತ್ರ ಅಲ್ವಾ?" ಎಂದು ಕೇಳಿದರು. ನಾನು ನಕ್ಕು ಮೊಸರು ಬಡಿಸಿದೆ. ತಪ್ಪನ್ನು ಲ್ಯಾಬಿನ ಮೇಲೆ ಹಾಕುವುದು ಸುಲಭ. ನಿಜವಾದ ಕಾರಣ ಹೇಳಲು ಹೊರಟರೆ ಊಟ ಆರಿಹೋಗುತ್ತದೆ. ಅದೂ ಅಲ್ಲದೆ ಮನೆಯ ವಿಷಯವನ್ನು ಹೊರಗೆ ಹೇಳಿ ನನಗೆ ರೂಢಿಯಿಲ್ಲ. ಕಾಗದದ ಮೇಲೆ ಹೇಳುವುದು ಸ್ವಲ್ಪ ಬೇರೆ. ನೀವು ಎದುರಿಗೆ ಕುಳಿತು ನನ್ನ ಮುಖ ನೋಡುತ್ತಿರುವುದಿಲ್ಲ.

ಕಾರಣ ಇಷ್ಟೇ. ನಾನು ಮೊಟ್ಟಮೊದಲು ಕಲಿತ ಅಡುಗೆ ದೇವರದು. ಧನುರ್ಮಾಸದ ಸಿಹಿ ಹುಗ್ಗಿ. ಅಕ್ಕಿ, ಹುರಿದ ಹೆಸರುಬೇಳೆ, ಬೆಲ್ಲ, ತುಪ್ಪ. ನೈವೇದ್ಯಕ್ಕೆ ಮಾಡುವುದನ್ನು ಮೊದಲೇ ಬಾಯಿಗಿಟ್ಟರೆ ಅದು ಎಂಜಲು, ದೇವರ ಮುಂದೆ ಇಡುವ ಹಾಗಿಲ್ಲ ಎಂಬುದು ನಿಮಗೆ ಗೊತ್ತಿರುವುದೇ. ಆದರೆ ನನ್ನ ಅಮ್ಮನ ಪ್ರಕಾರ ಬಗ್ಗಿ ವಾಸನೆ ನೋಡಿದರೂ ಅರ್ಧ ಎಂಜಲು. ಈ ಅರ್ಧದ ಲೆಕ್ಕ ಯಾವ ಶಾಸ್ತ್ರದಲ್ಲಿದೆಯೋ ತಿಳಿಯದು. ಚಿಕ್ಕವಳಿದ್ದಾಗ ನಾನು ಹಿತ್ತಲಿನ ಬಾಗಿಲಲ್ಲಿ ಮೂಗನ್ನು ಎರಡು ಬೆರಳಿನಿಂದ ಹಿಡಿದುಕೊಂಡು ಕೂರುತ್ತಿದ್ದೆ. ಭಕ್ತಿಯಿಂದಲ್ಲ, ಅಪರಾಧ ನನ್ನ ಮೇಲೆ ಬರದಿರಲಿ ಎಂದು. ಅಮ್ಮ ತಿರುಗಿ ನೋಡಿ, ಉಸಿರಾದರೂ ಆಡು, ದೇವರು ಅಷ್ಟು ಕೆಟ್ಟವನಲ್ಲ ಎನ್ನುತ್ತಿದ್ದಳು.

ರುಚಿಯಿಲ್ಲ, ವಾಸನೆಯಿಲ್ಲ, ಮತ್ತೆ ಹದ ತಿಳಿಯುವುದು ಹೇಗೆ? ಅಮ್ಮ ಕೇಳಿಸಿಕೊಳ್ಳುತ್ತಿದ್ದಳು. ಬೆಲ್ಲವನ್ನು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಕಲ್ಲು ಮತ್ತು ಕಬ್ಬಿನ ಸಿಪ್ಪೆ ತೆಗೆದು, ಆ ಪಾಕವನ್ನು ಬೆಂದ ಅನ್ನದ ಮೇಲೆ ಸುರಿದಾಗ ಅಲ್ಲಿಯವರೆಗೆ ತೆಳ್ಳಗೆ ಕೊತಕೊತ ಎನ್ನುತ್ತಿದ್ದ ಹಿತ್ತಾಳೆ ಗುಂಡು ಪಾತ್ರೆ ಒಮ್ಮೆ ಮೌನವಾಗಿ, ಆಮೇಲೆ ದಪ್ಪ ದನಿಯಲ್ಲಿ ಮತ್ತೆ ಮಾತು ತೆಗೆಯುತ್ತಿತ್ತು. ಆ ದನಿ ಇನ್ನಷ್ಟು ಇಳಿದು, ಗುಳ್ಳೆಯೊಂದು ಎದ್ದು ಒಡೆಯಲು ಹೊತ್ತು ತೆಗೆದುಕೊಂಡರೆ ತುಪ್ಪ ಹಾಕುವ ಸಮಯ. ಕೊನೆಗೆ ಏಲಕ್ಕಿ, ಸಾಸಿವೆ ಕಾಳಿನಷ್ಟು ಪಚ್ಚ ಕರ್ಪೂರ. ಈ ವಿದ್ಯೆಯನ್ನು ಅವಳು ಯಾವತ್ತೂ ವಿವರಿಸಿ ಹೇಳಿಕೊಡಲಿಲ್ಲ. "ಕೇಳು" ಎನ್ನುತ್ತಿದ್ದಳು. ನಾನು ಅವಳು ಏನೋ ಹೇಳುತ್ತಾಳೆಂದು ಬಾಯಿ ನೋಡುತ್ತಿದ್ದೆ. ಅವಳು ಗುಂಡಿನ ಕಡೆ ತೋರಿಸುತ್ತಿದ್ದಳು.

ನಮ್ಮ ಕ್ವಾರ್ಟರ್ಸು ತುಮಕೂರು ರಸ್ತೆಯಿಂದ ಒಳಗೆ, ಪೀಣ್ಯದ ಕಾರ್ಖಾನೆಗಳು ಮುಗಿದು ರಾಗಿ ಹೊಲ ಶುರುವಾಗುವ ಕಡೆ ಇತ್ತು. ಮುಗಿದು ಎಂದೆ, ಅವೇನೂ ಮುಗಿಯುತ್ತಿರಲಿಲ್ಲ, ವರ್ಷಕ್ಕೊಂದು ಶೆಡ್ಡು ಹೊಲದೊಳಗೆ ಇಳಿಯುತ್ತಲೇ ಇತ್ತು. ರಸ್ತೆಯ ಮಣ್ಣಿನಲ್ಲಿ ಲೇತಿನಿಂದ ಬಂದ ಸುರುಳಿ ಸುರುಳಿ ಕಬ್ಬಿಣದ ಎಳೆಗಳು ಹೊಳೆಯುತ್ತಿದ್ದವು. ನಾವು ಹುಡುಗಿಯರು ಅವನ್ನು ಆರಿಸಿ ತಂದು ಗೊಂಬೆಗಳಿಗೆ ಗುಂಗುರು ಕೂದಲು ಮಾಡಿ, ಬೆರಳು ಕುಯ್ದುಕೊಂಡು ಬೈಸಿಕೊಳ್ಳುತ್ತಿದ್ದೆವು. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್. ಎಷ್ಟು ಸೋಪು ಹಾಕಿ ಉಜ್ಜಿದರೂ ಅವರ ಕೈಯಿಂದ ಯಂತ್ರದ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ತಿನ್ನುವ ಪ್ರಸಾದ ಅವರಿಗೆ ಬೇರೆಯೇ ರುಚಿ ಕೊಡುತ್ತಿರಬೇಕೆಂದು ನನಗೆ ಬಹಳ ಕಾಲ ಅನುಮಾನವಿತ್ತು. ಕೇಳಲಿಲ್ಲ.

ಕ್ವಾರ್ಟರ್ಸಿನ ಕೊನೆಯಲ್ಲಿ ಒಂದು ಆಂಜನೇಯನ ಗುಡಿ. ಪಕ್ಕದ ಹಳ್ಳಿಯ ಗೌರಮ್ಮನವರ ಮಾವ ಕೊಟ್ಟ ಜಾಗ, ಕಾರ್ಖಾನೆಯವರು ಸೇರಿ ಕಟ್ಟಿದ ಗೋಡೆ. ಗೌರಮ್ಮನವರ ಹೊಲದಲ್ಲಿ ಆಗಲೇ ರಾಗಿಯ ಬದಲು ಸಾಲುಮನೆಗಳು ಎದ್ದು, ಪೀಣ್ಯದ ಕೆಲಸಗಾರರು ಬಾಡಿಗೆಗಿದ್ದರು. ಅರ್ಚಕರು ನಾಗಸಂದ್ರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಅವರು ಇನ್ನೂ ಬೇರೆ ಎರಡು ಮೂರು ಗುಡಿಗಳಿಗೆ ಹೋಗಬೇಕು, ಅಡುಗೆಗೆಲ್ಲಿ ಪುರುಸೊತ್ತು. ಆದ್ದರಿಂದ ಧನುರ್ಮಾಸದಲ್ಲಿ ದಿನಕ್ಕೊಂದು ಮನೆಯವರು ಹುಗ್ಗಿ ಮಾಡಿ ಬೆಳಕು ಹರಿಯುವ ಮೊದಲು ಗುಡಿಗೆ ತರಬೇಕೆಂದಾಯಿತು. ಎಲ್ಲ ಮನೆಗಳ ಹುಗ್ಗಿಯೂ ನಡೆಯುತ್ತದೆಯೇ ಎಂದು ಮೊದಮೊದಲು ಯಾರೋ ಗೊಣಗಿದರಂತೆ. ಜಾಗ ತಗೊಂಡು ಹುಗ್ಗಿ ಬೇಡ ಅನ್ನೋಕಾಗುತ್ತೇನ್ರೀ ಎಂದು ಅರ್ಚಕರೇ ಬಾಯಿ ಮುಚ್ಚಿಸಿದರಂತೆ.

ಈ ಸರದಿಗೆ ನಮ್ಮಲ್ಲಿ ಯಾರೂ ಸರದಿ ಎನ್ನುತ್ತಿರಲಿಲ್ಲ. ಶಿಫ್ಟು ಎನ್ನುತ್ತಿದ್ದರು. "ನಾಳೆ ದೇವರದ್ದು ಯಾರ ಶಿಫ್ಟು?" "ನಮ್ಮದೇ ಕಣ್ರೀ, ಗೋಡಂಬಿ ಇದ್ರೆ ಒಂದು ಹಿಡಿ ಕೊಡಿ." ಗಂಡಸರಿಗೆ ಕಾರ್ಖಾನೆಯ ಶಿಫ್ಟು, ಹೆಂಗಸರಿಗೆ ದೇವರದ್ದು. ಮೊದಲ ಶಿಫ್ಟಿನವರು ಟಿಫನ್ ಡಬ್ಬಿ ಹಿಡಿದು, ಮಫ್ಲರ್ ಸುತ್ತಿಕೊಂಡು ಗುಡಿಯ ಮುಂದೆ ಸಾಲಾಗಿ ನಿಂತು, ಬಾಳೆಲೆಯ ಚೂರಿನ ಮೇಲೆ ಬಿಸಿ ಹುಗ್ಗಿ ಹಾಕಿಸಿಕೊಂಡು, ಊದಿ ಊದಿ ತಿಂದು, ಸೈರನ್ ಆಗುವುದರೊಳಗೆ ಓಡುತ್ತಿದ್ದರು. ಅವರಲ್ಲಿ ಅನೇಕರಿಗೆ ಅದೇ ಬೆಳಗಿನ ತಿಂಡಿ. ಯಾರ ಮನೆಯ ಹುಗ್ಗಿ ಹೇಗಿತ್ತು ಎಂಬ ತೀರ್ಪು ಮಧ್ಯಾಹ್ನದೊಳಗೆ ಕ್ವಾರ್ಟರ್ಸಿನ ಎಲ್ಲ ಹಿತ್ತಲುಗಳಿಗೂ ತಲುಪುತ್ತಿತ್ತು. ಅಮ್ಮನ ದಿನ ಸಾಲು ಉದ್ದವಿರುತ್ತಿತ್ತು. ಅದನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿಕೊಂಡವಳಲ್ಲ. ಆದರೆ ಖಾಲಿ ಗುಂಡನ್ನು ಮನೆಗೆ ತರುವಾಗ ಸೊಂಟದ ಮೇಲೆ ಇಟ್ಟುಕೊಳ್ಳುತ್ತಿದ್ದ ರೀತಿಯೇ ಬೇರೆ. ಬೇರೆ ಯಾವ ವಿಷಯಕ್ಕೂ ಅವಳು ಹಾಗೆ ನಡೆದದ್ದನ್ನು ನಾನು ನೋಡಿಲ್ಲ.

ಅಮ್ಮ ಈಗಿಲ್ಲ. ಹೋದ ಚಳಿಗಾಲದಲ್ಲಿ ಜ್ವರ ಬಂದು ಹೋದಳು. ನಾನು ಬರೆಯಬೇಕೆಂದಿರುವುದು ಅದಕ್ಕೂ ಹಿಂದಿನದನ್ನು.

ನಾನು ಎಂ.ಎಸ್ಸಿ. ಮುಗಿಸಿ ಕಾಲೇಜಿಗೆ ಸೇರಿದ ವರ್ಷದಿಂದಲೇ ಅಮ್ಮ ಪದಗಳನ್ನು ಕಳೆದುಕೊಳ್ಳತೊಡಗಿದ್ದಳು. ಸೌಟಿಗೆ "ಅದು", ಚೊಂಬಿಗೆ "ಇದು". ವಯಸ್ಸೇನೂ ಆಗಿರಲಿಲ್ಲ. ನಾವು ತಮಾಷೆ ಮಾಡಿದೆವು. ಆಮೇಲೆ ಒಂದು ದಿನ ರೇಷನ್ ಅಂಗಡಿಯಿಂದ ಮನೆಗೆ ಬರುವ ದಾರಿ ತಪ್ಪಿ ಕಾರ್ಖಾನೆಯ ಗೇಟಿನ ಹತ್ತಿರ ನಿಂತಿದ್ದಳು. ತಮಾಷೆ ನಿಂತಿತು. ಪೇಟೆಯ ದೊಡ್ಡ ಡಾಕ್ಟರು ಪರೀಕ್ಷೆ ಮಾಡಿ, ಇದು ಕೆಲವರಿಗೆ ಬೇಗ ಬರುವ ಮರೆವಿನ ಕಾಯಿಲೆ, ವಾಸಿಯಾಗುವುದಿಲ್ಲ ಎಂದರು. ಅಪ್ಪ, ಎಷ್ಟು ದಿನದಲ್ಲಿ ಎಂದು ಏನೋ ಕೇಳಲು ಹೋಗಿ ನಿಲ್ಲಿಸಿದರು. ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕುಳಿತು, ಯಶವಂತಪುರ ದಾಟಿದ ಮೇಲೆ, ಪಾಪ ಡಾಕ್ಟರು ಒಳ್ಳೆಯವರು, ಯಾರಿಗಂತೆ ಹುಷಾರಿಲ್ಲದ್ದು ಎಂದು ಕೇಳಿದಳು.

ಆ ವರ್ಷದ ಧನುರ್ಮಾಸದ ಮೊದಲ ವಾರ. ಬೆಳಗಿನ ಜಾವ ಎದ್ದು ನೋಡಿದರೆ ಅಮ್ಮ ಇರಲಿಲ್ಲ. ಹಿತ್ತಲಿನಲ್ಲಿ ಇದ್ದಿಲ ಒಲೆ ಕೆಂಪಗಿತ್ತು. ಹುಗ್ಗಿಯ ಗುಂಡೂ ಇರಲಿಲ್ಲ. ನಾನು ಶಾಲು ಸುತ್ತಿಕೊಂಡು ಗುಡಿಗೆ ಓಡಿದೆ. ಗೌರಮ್ಮನವರು ತಮ್ಮ ಗುಂಡಿನೊಂದಿಗೆ ಬಾಗಿಲಲ್ಲಿ ನಿಂತಿದ್ದರು; ಅವತ್ತು ಅವರ ದಿನ. ಎದುರಿಗೆ ಅಮ್ಮ ಸ್ನಾನ ಮಾಡಿ, ಒದ್ದೆ ಕೂದಲಿಗೆ ಬಟ್ಟೆ ಸುತ್ತಿ, ತನ್ನ ಗುಂಡು ಹಿಡಿದು ನಿಂತಿದ್ದಳು.

"ಇವತ್ತು ನಮ್ಮ ಶಿಫ್ಟು" ಎಂದಳು ಅಮ್ಮ.

ನಮ್ಮ ದಿನ ಬರಲು ಇನ್ನೂ ಎರಡು ವಾರವಿತ್ತು. ಅರ್ಚಕರು ಒಳಗಿನಿಂದ ಏನೋ ಹೇಳಲು ಹೊರಟರು. ಗೌರಮ್ಮನವರು ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಲಿಲ್ಲ, ಕಣ್ಸನ್ನೆ ಮಾಡಲಿಲ್ಲ, ಏನೂ ಮಾಡಲಿಲ್ಲ. ಅವರಿಗೆ ಅರ್ಥವಾಯಿತು.

"ನಾನೇ ಯೋಳಿದ್ನಲ್ಲ ಸ್ವಾಮಿ" ಎಂದರು ಅರ್ಚಕರಿಗೆ. "ನಂದು ಇವತ್ತು ಕಮ್ಮಿ ಆಯ್ತದೆ, ನೀವೂ ಒಸಿ ತನ್ನಿ ಶಾರದಮ್ಮ ಅಂತ. ಎರಡೂ ಇಡಿ."

ಎರಡೂ ಗುಂಡುಗಳು ದೇವರ ಮುಂದೆ ಕುಳಿತವು. ಅಮ್ಮನಿಗೆ ಸಂತೋಷವಾಯಿತು. ಮರುದಿನವೂ ಅವಳು ಗುಡಿಯಲ್ಲಿದ್ದಳು. ಅದರ ಮರುದಿನವೂ. ಮೊದಮೊದಲು ಕ್ವಾರ್ಟರ್ಸಿನವರಿಗೆ ಇದೊಂದು ಸಂಭ್ರಮವೇ ಆಯಿತು. ಸಾಲಿನಲ್ಲಿ ನಿಂತವರು ನಗುತ್ತಾ, ಅಮ್ಮಾವ್ರು ಓಟಿ ಮಾಡ್ತಾ ಇದಾರೆ ಗುರು ಎಂದರು. ಓಟಿ ಎಂದರೆ ಕಾರ್ಖಾನೆಯ ಓವರ್‌ಟೈಮು. ಅಮ್ಮ ಅವರೊಂದಿಗೆ ನಗುತ್ತಿದ್ದಳು. ನಾನು ನಗುವುದಕ್ಕೆ ಪ್ರಯತ್ನಿಸಿದೆ. ನನಗೆ ಇಂಥದ್ದು ಬರುವುದಿಲ್ಲ.

ಒಂದು ದಿನ ಅಪ್ಪನೂ ನಾನೂ ಮಾತಾಡಿಕೊಂಡು ಗುಂಡನ್ನು ಅಟ್ಟದ ಮೇಲೆ ಟ್ರಂಕಿನ ಹಿಂದೆ ಇಟ್ಟೆವು. ಇಬ್ಬರೂ ಓದಿದವರ ಹಾಗೆ, ಕಣ್ಣಿಗೆ ಬೀಳದಿದ್ದರೆ ಮರೆಯುತ್ತಾಳೆ ಎಂದು ತರ್ಕ ಮಾಡಿದ್ದೆವು. ಅವಳು ಗುಂಡನ್ನು ಮರೆತಳು. ಏನನ್ನೋ ಕಳೆದುಕೊಂಡಿದ್ದೇನೆ ಎಂಬುದನ್ನು ಮಾತ್ರ ಮರೆಯಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಮಂಚದ ಕೆಳಗೆ, ಬಟ್ಟೆಗಳ ನಡುವೆ, ಅಕ್ಕಿ ಡಬ್ಬದೊಳಗೆ ಕೈ ಹಾಕಿ ಹುಡುಕಿದಳು. ಏನು ಹುಡುಕುತ್ತೀಯಮ್ಮ ಎಂದರೆ ನಿಂತು ಯೋಚಿಸಿ, ಗೊತ್ತಿಲ್ಲ ಎಂದು ಹೇಳಿ ಅತ್ತಳು. ಅಪ್ಪ ಎರಡನೆಯ ಶಿಫ್ಟಿಗೆ ಹೋಗುವ ಮೊದಲು ಏಣಿ ಹಾಕಿ ಗುಂಡನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ತಾವೇ ತಿಕ್ಕಿ ಅವಳ ಮುಂದೆ ಇಟ್ಟರು.

ನಮಗೆ ಹೊಳೆಯದೆ ಹೋದದ್ದು ಇನ್ನೊಂದಿತ್ತು. ಹುಗ್ಗಿ ಕೆಡತೊಡಗಿತ್ತು. ಒಂದು ದಿನ ಬೆಲ್ಲವೇ ಇರಲಿಲ್ಲವಂತೆ. ಇನ್ನೊಂದು ದಿನ ಎರಡು ಸಲ ಬಿದ್ದಿತ್ತಂತೆ. ಮಾಡುವವಳು ರುಚಿ ನೋಡುವಂತಿಲ್ಲ, ಪ್ರಸಾದವನ್ನು ಚೆನ್ನಾಗಿಲ್ಲ ಎಂದು ಯಾರೂ ಅನ್ನುವಂತಿಲ್ಲ. ಹೀಗಾಗಿ ಎಲ್ಲರೂ ಕಣ್ಣಿಗೊತ್ತಿಕೊಂಡು ನುಂಗಿದ್ದರು. ಕೊನೆಗೆ ಒಂದು ದಿನ ಪಚ್ಚ ಕರ್ಪೂರದ ಬದಲು ಮಂಗಳಾರತಿಯ ಕರ್ಪೂರ ಬಿತ್ತು. ಎರಡೂ ಬಿಳಿ, ಎರಡೂ ದೇವರ ಗೂಡಿನಲ್ಲಿ ಅಕ್ಕಪಕ್ಕದ ಡಬ್ಬಿಯಲ್ಲಿದ್ದವು. ಅರ್ಚಕರು ಮುಚ್ಚಳ ತೆಗೆಯುತ್ತಲೇ ವಾಸನೆ ಹಿಡಿದು, ಗುಂಡನ್ನು ಪಕ್ಕಕ್ಕೆ ಸರಿಸಿ, ಆ ದಿನದ ಮನೆಯವರ ಹುಗ್ಗಿಯನ್ನಷ್ಟೇ ನೈವೇದ್ಯ ಮಾಡಿಬಿಟ್ಟರು. ಅಮ್ಮ ತನ್ನ ಗುಂಡು ಮುಚ್ಚಿದ ಹಾಗೇ ವಾಪಸು ಬಂದದ್ದನ್ನು ನೋಡಿ, ಇವತ್ತು ರಜೆಯಾ ಎಂದು ಕೇಳಿದಳು.

ಆ ಸಂಜೆ ಗುಡಿಯ ಸಮಿತಿಯ ಕಾರ್ಯದರ್ಶಿ ಮನೆಗೆ ಬಂದರು. ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಚೊಕ್ಕ ಮನುಷ್ಯ. ಕುರ್ಚಿಯ ತುದಿಯಲ್ಲಿ ಕುಳಿತು ಕಾಫಿ ಲೋಟವನ್ನೇ ನೋಡುತ್ತಾ ಮಾತಾಡಿದರು. ತಪ್ಪು ತಿಳಿಯಬಾರದು, ಎಲ್ಲರಿಗೂ ಶಾರದಮ್ಮನವರ ಮೇಲೆ ಗೌರವವಿದೆ, ಆದರೆ ಕರ್ಪೂರ ಯಾರ ಹೊಟ್ಟೆಗಾದರೂ ಹೋಗಿದ್ದರೆ ಏನು ಗತಿ. ಇನ್ನು ಮುಂದೆ ನಿಮ್ಮ ಮನೆಯಿಂದ ಹುಗ್ಗಿ ಬೇಡ, ಹೂವು ಕೊಡಿ, ಅದೂ ಸೇವೆಯೇ. ಇಷ್ಟನ್ನು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಕಷ್ಟ.

ಅಪ್ಪ ಕೈಕಟ್ಟಿ ನಿಂತಿದ್ದರು. "ನಮ್ಮ ದಿನ ಅಂತ ಒಂದಿದೆಯಲ್ಲ ಸಾರ್. ಅದೊಂದು ಅವಳು ಮಾಡಲಿ. ಅದರ ಹಿಂದೆ ಮುಂದೆ ನಾವು ಕಳಿಸಲ್ಲ. ಆಮೇಲೆ ನೀವು ಹೇಳಿದ ಹಾಗೆ" ಎಂದರು. ಕಾರ್ಯದರ್ಶಿ ಕಾಫಿ ಮುಗಿಸಿ, ಹುಗ್ಗಿ ಸರಿಯಾಗಿರುವ ಜವಾಬ್ದಾರಿ ನಿಮ್ಮದು ಎಂದು ನನ್ನ ಕಡೆ ನೋಡಿ ಹೇಳಿ ಎದ್ದರು.

ಮಾತು ಕೊಟ್ಟ ಮೇಲೆ ಅಮ್ಮ ಹಿತ್ತಲಲ್ಲಿ ಮಾಡಿದ ಹುಗ್ಗಿ ಗುಡಿಗೆ ಹೋಗದೆ ನಮ್ಮ ದೇವರ ಗೂಡಿನ ಮುಂದೆಯೇ ನಿಲ್ಲುತ್ತಿತ್ತು. ಅವಳನ್ನು ಒಪ್ಪಿಸುವುದು ಒಂದೊಂದು ದಿನವೂ ಒಂದೊಂದು ಕಥೆ. ಗುಡಿಗೆ ಸುಣ್ಣ ಬಳಿಯುತ್ತಿದ್ದಾರೆ ಎಂದೆ. ಅರ್ಚಕರ ಸೈಕಲ್ಲು ಪಂಕ್ಚರ್ ಎಂದೆ. ನಾನು ಇಷ್ಟು ಸರಾಗವಾಗಿ ಸುಳ್ಳು ಹೇಳಬಲ್ಲೆನೆಂದು ನನಗೇ ತಿಳಿದಿರಲಿಲ್ಲ. ನಮ್ಮ ದಿನದ ಹಿಂದಿನ ಸಂಜೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ, "ನಾಳೆ ಒಂಚೂರು ರುಚಿ ನೋಡ್ಬಿಡಮ್ಮ. ನಾನು ನೋಡಿಲ್ಲ ಅಂದ್ಕೊಳ್ತೀನಿ" ಎಂದರು. ಅವರು ದೇವರಿಗೆ ಹೆದರುವವರು. ನಾನು ಅಷ್ಟಿಲ್ಲ. ಆದರೂ ನನ್ನಿಂದಾಗುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಇಷ್ಟು ವರ್ಷ ಅಮ್ಮ ಗುಂಡಿನ ಮಾತು ಕೇಳಿ ಅಡುಗೆ ಮಾಡಿದವಳು. ಕೊನೆಯ ದಿನ ಅವಳ ಬೆನ್ನ ಹಿಂದೆ ನಾನು ಚಮಚ ಅದ್ದಿ ನೆಕ್ಕಿದರೆ ಅದು ದೇವರಿಗಲ್ಲ, ಅವಳಿಗೆ ಮಾಡಿದ ಎಂಜಲು. ರುಚಿ ನೋಡುವುದಿಲ್ಲ, ಪಕ್ಕದಲ್ಲಿ ಕೂರುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ಆರತಿಯ ಕರ್ಪೂರವನ್ನು ಮಾತ್ರ ತೆಗೆದು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಆ ದಿನದ ಹುಗ್ಗಿ ಚೆನ್ನಾಗಿತ್ತು, ಹಳೆಯ ಶಾರದಮ್ಮನ ಹುಗ್ಗಿಯೇ ಎಂದು ಆಮೇಲೆ ಎಲ್ಲರೂ ಹೇಳಿದರು. ಇದನ್ನು ಈಗಲೇ ತಿಳಿಸಿಬಿಡುತ್ತೇನೆ, ಏಕೆಂದರೆ ನಾನು ಹೇಳಬೇಕಾದದ್ದು ಅದಲ್ಲ.

ಹಿತ್ತಲಿನಲ್ಲಿ ಮಂಜಿತ್ತು. ಅಮ್ಮ ಒಲೆಯ ಮುಂದೆ ಕುಳಿತಳು. ಅವಳು ಕೇಳಿದ್ದನ್ನು ಎತ್ತಿಕೊಡುವುದಕ್ಕೆ ಮಾತ್ರ ನಾನಿದ್ದೆ. ಅವಳು ಏನನ್ನೂ ಕೇಳಲಿಲ್ಲ, ಕೈ ಚಾಚುತ್ತಿದ್ದಳು, ಚಾಚಿದ ಕೈಗೆ ಬೇಕಾದದ್ದೇ ಸಿಗುತ್ತಿತ್ತು. ಬೇಳೆ ಕೆಂಪಗಾಗುವ ಮೊದಲೇ ಇಳಿಸಿದಳು. ಅಕ್ಕಿ ಬೆಂದದ್ದನ್ನು ಸೌಟಿನ ಭಾರದಲ್ಲಿ ತಿಳಿದಳು. ಪಾಕ ಸುರಿದಾಗ ಗುಂಡು ಮೌನವಾಯಿತು, ಮತ್ತೆ ದಪ್ಪ ದನಿಯಲ್ಲಿ ಶುರುವಾಯಿತು. ಅಮ್ಮ ತಲೆ ವಾಲಿಸಿ ಕೇಳುತ್ತಾ ತಿರುಗಿಸುತ್ತಿದ್ದಳು. ಕಾಯಿಲೆ ಎಂಬುದು ಡಾಕ್ಟರ ತಪ್ಪು ಎಂದು ನನಗೆ ಆ ಸ್ವಲ್ಪ ಹೊತ್ತು ಅನ್ನಿಸಿತು.

ಆಮೇಲೆ ಸೌಟು ನಿಂತಿತು. ಅವಳು ಅದನ್ನು ನೋಡಿದಳು, ಗುಂಡನ್ನು ನೋಡಿದಳು, ನನ್ನನ್ನು ನೋಡಿದಳು. ಬಸ್ಸಿನಲ್ಲಿ ಪಕ್ಕದಲ್ಲಿ ಬಂದು ಕುಳಿತವರನ್ನು ನೋಡುವ ಹಾಗೆ, ಸೌಜನ್ಯದಿಂದ.

"ರಿಲೀವರ್ರಾ ನೀನು?" ಎಂದು ಕೇಳಿದಳು.

ಕಾರ್ಖಾನೆಯಲ್ಲಿ ಒಂದು ಶಿಫ್ಟಿನವನು ಮುಂದಿನ ಶಿಫ್ಟಿನವನು ಬಂದು ನಿಲ್ಲುವ ತನಕ ತನ್ನ ಯಂತ್ರ ಬಿಟ್ಟು ಕದಲುವಂತಿಲ್ಲ. ಹಾಗೆ ಬಂದು ಬಿಡಿಸುವವನು ರಿಲೀವರ್. ಅಪ್ಪ ತಡವಾಗಿ ಮನೆಗೆ ಬಂದ ದಿನಗಳಲ್ಲೆಲ್ಲ ಬಾಗಿಲಲ್ಲಿ ಕಾದು ನಿಂತ ಅಮ್ಮನಿಗೆ ಸಿಗುತ್ತಿದ್ದ ಸಮಾಧಾನ ಅದೊಂದೇ, ರಿಲೀವರ್ ಬರಲಿಲ್ಲ ಕಣೆ ಎಂದು.

"ಹೌದು" ಎಂದೆ.

"ಲೇಟಾಯ್ತಲ್ಲಮ್ಮ" ಎಂದಳು. ದೂರು ಇರಲಿಲ್ಲ. ಸೌಟನ್ನು ನನ್ನ ಕೈಗೆ ಕೊಟ್ಟಳು. "ಬೆಲ್ಲ ಆಗಿದೆ. ತುಪ್ಪ ಬಾಕಿ. ತಳ ಹಿಡಿಯುತ್ತೆ, ಕೈ ಬಿಡಬೇಡ."

ಎಲ್ಲವೂ ಸರಿಯಾಗಿತ್ತು. ಅವಳು ಎದ್ದು ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಹಿತ್ತಲಿನ ಬಾಗಿಲಲ್ಲಿದ್ದ ಚಪ್ಪಲಿ ಮೆಟ್ಟಿದಳು. "ನಾನು ಹೊರಡ್ತೀನಿ. ಮನೇಲಿ ಮಗಳು ಒಬ್ಬಳೇ ಇದಾಳೆ" ಎಂದಳು.

ಅಪ್ಪ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತದ್ದನ್ನು ನಾನು ಆಗ ನೋಡಿದೆ. ಎಷ್ಟು ಕೇಳಿಸಿಕೊಂಡಿದ್ದರೋ. ಮೊಳೆಗೆ ನೇತುಹಾಕಿದ್ದ ಮಫ್ಲರ್ ತೆಗೆದು ಅವಳ ತಲೆಗೆ ಸುತ್ತಿದರು. ಮದುವೆಯಾದಾಗಿನಿಂದ ಅವಳನ್ನು ಏಕವಚನದಲ್ಲೇ ಕರೆದವರು, "ಬನ್ನಿ, ನಾನೂ ಆ ಕಡೆಗೇ ಹೋಗೋನು. ಜೊತೆಗೆ ಬರ್ತೀನಿ" ಎಂದರು. ಅಮ್ಮ ಸ್ವಲ್ಪ ಯೋಚಿಸಿ, ಆಗಲಿ ಎಂದಳು.

ಹಿತ್ತಲಿನ ಗೇಟು ತೆರೆದು ಇಬ್ಬರೂ ರಸ್ತೆಗಿಳಿದರು. ಮೊದಲ ಶಿಫ್ಟಿನವರು ಡಬ್ಬಿ ಹಿಡಿದು ಗುಡಿಯ ಕಡೆ ಹೋಗುತ್ತಿದ್ದರು. ಅವರ ನಡುವೆ ಅಪ್ಪ ಒಂದು ಹೆಜ್ಜೆ ಹಿಂದೆ, ಪರಿಚಯವಿಲ್ಲದ ಹೆಂಗಸಿನ ಜೊತೆ ನಡೆಯುವಷ್ಟು ದೂರ ಬಿಟ್ಟು ನಡೆದರು. ಕ್ವಾರ್ಟರ್ಸಿಗೆ ಒಂದು ಸುತ್ತು ಹಾಕಿ ಮುಂಬಾಗಿಲಿಂದ ಅವಳನ್ನು ಮನೆಗೆ ತರುತ್ತಾರೆಂದು ನನಗೆ ಗೊತ್ತಿತ್ತು. ಆದರೂ ಎದ್ದು ಓಡಿ, ಅಮ್ಮಾ ಎಂದು ಕೂಗಬೇಕೆನ್ನಿಸಿತು. ಗುಳ್ಳೆಗಳು ನಿಧಾನವಾಗಿ ಏಳುತ್ತಿದ್ದವು. ಎಡಗೈಯಲ್ಲಿ ತುಪ್ಪದ ಗಿಂಡಿ ಎತ್ತಿಕೊಂಡು, ಬಲಗೈಯಲ್ಲಿ ತಿರುಗಿಸುತ್ತಲೇ ಇದ್ದೆ.